‘ಆಬ್ಡಿಕೇಟ್’ ಶಬ್ದದ ಅರ್ಥವಿಚಾರ

ಇಂಗ್ಲೀಷು ಭಾಷೆಯಲ್ಲಿ ‘ಆಬ್ಡಿಕೇಟ್’ ಎಂಬ ಕ್ರಿಯಾಪದವೊಂದುಂಟು. ಅರಸನು ತನ್ನ ಪಟ್ಟವನ್ನು ತಾನಾಗಿಯೇ ಬಿಡುವುದು ಎಂದು ಅದಕ್ಕೆ ಅರ್ಥ ಹೇಳುವುದು ವಾಡಿಕೆ. ಕನ್ನಡದಲ್ಲಿ ‘ಸಿಂಹಾಸನತ್ಯಾಗ’, ‘ಪದತ್ಯಾಗ’, ‘ರಾಜ್ಯತ್ಯಾಗ’ ಎಂಬ ಮಾತುಗಳಿಂದ ಅದನ್ನು ತಿಳಿಯಪಡಿಸುವರು. ಮೇಲುನೋಟಕ್ಕೆ ಇದು ನಿರ್ವಿವಾದವಾದ ಶಬ್ದ. ಆದರೆ ಕ್ರಿ. ಶ. ೧೬೮೯ನೆಯ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಎರಡು ಸಭೆಗಳು ಈ ಒಂದು ಶಬ್ದದ ಅರ್ಥನಿರ್ಣಯಕ್ಕಾಗಿ ಎದುರುಬದುರಾಗಿ ನಿಂತು, ಕೋಶಗಳನ್ನು ಪ್ರಮಾಣವಾಗಿ ಹಿಡಿದು ವಾದಿಸಿದುವು. ಆ ವಾದವು ಮುಗಿಯುವವರೆಗೆ ಆ ದೇಶಕ್ಕೆ ಅರಸನಾರೆಂಬುದೇ ನಿಶ್ಚಯವಾಗಿರಲಿಲ್ಲ. ಅಲ್ಲಿ ಗೆದ್ದು ನಿಂತ ಅರ್ಥವು ಕನ್ನಡದ ‘ತ್ಯಾಗ’ಕ್ಕೆ ಬಹು ದೂರವಾದುದು. ಇತಿಹಾಸವನ್ನೂ ಸಾಹಿತ್ಯವನ್ನೂ ಕನ್ನಡದಲ್ಲಿ ಪಾಠಹೇಳುವವರಿಗೆ ಈ ದೂರವು ತಿಳಿದಿರುವುದು ಅವಶ್ಯಕವಾದುದರಿಂದ ಶಬ್ದದ ಚರಿತ್ರೆಯನ್ನು ಮೊದಲಿನಿಂದ ನೋಡುವುದು ಉಚಿತ.

ಶಬ್ದದ ಮೂಲವು ಲ್ಯಾಟಿನ್. ‘ಅಬ್’ ಎಂಬ ಉಪಸರ್ಗಕ್ಕೆ ‘ಆಚೆಗೆ, ದೂರಕ್ಕೆ’ ಎಂದರ್ಥ. ಗ್ರೀಕಿನ ‘ಅಪೊ’, ಸಂಸ್ಕೃತದ ‘ಅಪ’ ಇದರ ಒಡಹುಟ್ಟುಗಳು. ‘ದಿಕಾರೆ’ ಎಂಬುದು ‘ಸಾರು, ಘೋಷಿಸು, ದೇವರಿಗೆಂದು ಹೇಳಿ ಅರ್ಪಿಸು’ ಎಂಬರ್ಥದ ಕ್ರಿಯೆ. ‘ಹೇಳು’ ಎಂಬರ್ಥದ ‘ದೀಕೆರೆ’ ಇದರ ಹತ್ತಿರದ ಬಂಧು. ಇವೆರಡಕ್ಕೂ ‘ತೋರು’ ಎಂಬುದೇ ಮೂಲಾರ್ಥ. ಸಂಸ್ಕೃತದ ‘ದಿಶ್’ ಧಾತುವೂ, ಅದರಿಂದ ಹುಟ್ಟಿದ ದಿಕ್ಕು, ಆದೇಶ, ಉಪದೇಶ, ನಿರ್ದೇಶಗಳೂ ಇದೇ ಕುಲಕ್ಕೆ ಸೇರಿದುವು. ಧಾತುಪಾಠದಲ್ಲಿ ‘ದಿಶ್’ ಧಾತುವನ್ನು ತುದಾದಿಗಣದಲ್ಲಿ ಹೇಳಿ ಅದಕ್ಕೆ ಅತಿಸರ್ಜನವೆಂಬ, ಎಂದರೆ ಕೊಡುವುದೆಂಬ, ಅರ್ಥವನ್ನು ವಿಧಿಸಿರುವುದನ್ನೂ, ಲ್ಯಾಟಿನ್ ‘ದಿಕಾರೆ’ಗೆ ಅರ್ಪಣದ ಅರ್ಥವು ಬಂದಿರುವುದನ್ನೂ ಒಟ್ಟಿಗೆ ನೋಡಿದರೆ, ‘ತೋರು’ ಎಂಬುದು ‘ಕೊಡು’ ಎಂಬುದಾಗಿ ಬೆಳೆಯುವುದು ಈ ಎರಡು ಭಾಷೆಗಳಿಗೂ ಸಹಜವಾಗಿದ್ದಿತೆಂದು ತೋರುತ್ತದೆ.

ಹಾಗಾದರೆ ಸಂಸ್ಕೃತದಲ್ಲಿ ಇದಕ್ಕೆ ನೇರವಾಗಿ ಹೊಂದುವ ರೂಪವು ‘ಅಪದೇಶ’ವೆಂದಾಯಿತು. ಅಮರಸಿಂಹನು ಅಪದೇಶವನ್ನು ವ್ಯಾಜದೊಡನೆ ಪಠಿಸಿದ್ದಾನೆ. ಎಂದರೆ ನೆವ, ನೆಪ. ರೂಪಸಾಮ್ಯದಿಂದ ಅರ್ಥಸಾಮ್ಯವನ್ನು ಸಾಧಿಸುವುದು ಶಾಸ್ತ್ರವಲ್ಲ. ಎರಡು ಭಾಷೆಗಳು ಬೇರೆಯಾದಮೇಲೆ ಒಂದೊಂದೂ ತನ್ನ ದಾರಿಯಲ್ಲಿ ನಡೆದಿದೆ. ಆದರೂ ಮುಂದೆ ಹೇಳಲಿರುವ ೧೬೮೯ರ ವೃತ್ತಾಂತವನ್ನು ಓದಿದವರಿಗೆ, ಸಂಸ್ಕೃತದ ಸೋದರನು ಲ್ಯಾಟಿನ್ನಿನ ಸೋದರನ ಗುಟ್ಟನ್ನು ಮೊದಲೇ ಹೇಳಿಬಿಟ್ಟಂತೆ ಕಂಡರೆ ಆಶ್ಚರ್ಯವಿಲ್ಲ.

ರೋಮನರಲ್ಲಿ ಈ ಕ್ರಿಯೆಯ ಹಳೆಯ ಪ್ರಯೋಗವು ಗಮನಿಸತಕ್ಕುದು. ಅಧಿಕಾರವನ್ನು ಬಿಡುವವನು ‘ಅಧಿಕಾರವನ್ನು ಆಬ್ಡಿಕೇಟ್ ಮಾಡುತ್ತೇನೆ’ ಎನ್ನುತ್ತಿರಲಿಲ್ಲ. ‘ನನ್ನನ್ನು ಅಧಿಕಾರದಿಂದ ಆಬ್ಡಿಕೇಟ್ ಮಾಡಿಕೊಳ್ಳುತ್ತೇನೆ’ ಎನ್ನುತ್ತಿದ್ದನು. ಎಂದರೆ ‘ನಾನು ಇನ್ನು ಈ ಅಧಿಕಾರದ ಹೊರಗಿನವನೆಂದು ನನ್ನ ಬಾಯಿಂದಲೇ ಸಾರಿಕೊಳ್ಳುತ್ತೇನೆ’ ಎಂದು ಭಾವ. ಕರ್ತೃವೂ ಕರ್ಮವೂ ಒಬ್ಬನೇ. ಸಂಸ್ಕೃತದಲ್ಲಾದರೆ ಇಂಥ ಕಡೆ ಆತ್ಮನೇಪದವು ನೆನಪಿಗೆ ಬರುವುದು. ಅಧಿಕಾರವನ್ನೇ ಕರ್ಮವಾಗಿ ಹೇಳುವ ಪ್ರಯೋಗವು ಸಲ್ಲುಸ್ಟಿಯಸ್, ಲಿವಿ ಮೊದಲಾದವರಲ್ಲಿ ಕಾಣಬರುತ್ತದೆ. ಇಂಗ್ಲೀಷಿಗೆ ಬಂದುದು ಈ ಎರಡನೆಯದೇ.

ಸಾರುವವನು ತಾನೇ ಆದರೂ ಸಾರಿಸುವವರು ಬೇರೆ ಇರಬಹುದೆಂಬುದು ರೋಮನರಿಗೆ ತಿಳಿಯದ ವಿಷಯವಲ್ಲ. ಕ್ರಿ. ಪೂ. ೬೩ರಲ್ಲಿ ಕ್ಯಾಟಿಲಿನನ ಒಳಸಂಚು ಬಯಲಾದಾಗ ಅದರಲ್ಲಿ ಸೇರಿದ್ದ ಲೆಂಟುಲಸ್ ಎಂಬವನು ಪ್ರೀಟರ್ ಪದವಿಯಲ್ಲಿದ್ದನು. ಪದವಿಯಲ್ಲಿರುವವನನ್ನು ದಂಡಿಸುವುದು ಕಷ್ಟವಾದುದರಿಂದ ಅವನು ಮೊದಲು ಪದವಿಯನ್ನು ಬಿಡಬೇಕಾಯಿತು. ಸಿಸೆರೋ ಈ ಸಂಗತಿಯನ್ನು ಸೆನೆಟ್ಟಿಗೆ ನೆನಪುಮಾಡಿಕೊಡುವಾಗ, ಲೆಂಟುಲಸನು ತನ್ನನ್ನು ಪ್ರೀಟರ್ ಪದವಿಯಿಂದ ‘ಆಬ್ಡಿಕೇಟ್’ ಮಾಡಿಕೊಳ್ಳುವಂತೆ ನೀವು ಬಲಾತ್ಕರಿಸಿದಿರಿ ಎಂಬರ್ಥದ ಮಾತನ್ನು ಆಡಿದ್ದಾನೆ. ಬಲಾತ್ಕಾರವೂ ಸ್ವಯಂಘೋಷಣೆಯೂ ಒಂದೇ ವಾಕ್ಯದಲ್ಲಿ! ಲೆಂಟುಲಸನಿಗೆ ಕೆಲವೇ ದಿನಗಳಲ್ಲಿ ಮರಣದಂಡನೆಯಾಯಿತು.

ಇದಲ್ಲದೆ ತಂದೆಯು ಮಗನನ್ನು ‘ಇವನು ನನ್ನವನಲ್ಲ’ ಎಂದು ಮನೆಯಿಂದ ಹೊರಹಾಕುವುದಕ್ಕೂ ಇದೇ ಶಬ್ದವು ಸಲ್ಲುತ್ತಿದ್ದಿತು. ವಾಗ್ಮಿಗಳ ಶಾಲೆಗಳಲ್ಲಿ ಶಿಷ್ಯರಿಗೆ ಕೊಡುತ್ತಿದ್ದ ಕಲ್ಪಿತ ವ್ಯಾಜ್ಯಗಳಲ್ಲಿ ಇಂಥ ತಂದೆಮಕ್ಕಳ ಪ್ರಸಂಗಗಳು ಹೇರಳವಾಗಿವೆ. ಆದರೆ ಗ್ರೀಕರ ಈ ಪದ್ಧತಿಯನ್ನು ರೋಮನ್ ಧರ್ಮಶಾಸ್ತ್ರವು ಒಪ್ಪದೆಂದು ಡಯೊಕ್ಲೀಷಿಯನ್ ಚಕ್ರವರ್ತಿಯ ಒಂದು ಶಾಸನವು ಸ್ಪಷ್ಟಪಡಿಸಿದೆ. ಮಗನನ್ನು ‘ಆಬ್ಡಿಕೇಟ್’ ಮಾಡಬಾರದೆಂದ ಈ ಚಕ್ರವರ್ತಿಯೇ ಕ್ರಿ. ಶ. ೩೦೫ನೆಯ ಮೇ ಒಂದರಂದು ನಿಕೊಮೀಡಿಯದಲ್ಲಿ ತನ್ನ ಸಾಮ್ರಾಜ್ಯವನ್ನು ‘ಆಬ್ಡಿಕೇಟ್’ ಮಾಡಿದುದು ಒಂದು ವಿನೋದ. ಅದೇ ದಿನ ಮಿಲಾನಿನಲ್ಲಿ ಪದವಿಯನ್ನು ಬಿಟ್ಟ ಅವನ ಸಹಚಕ್ರವರ್ತಿ ಮ್ಯಾಕ್ಸಿಮಿಯನನಾದರೋ ಬಹುಕಾಲ ಸುಮ್ಮನಿರಲಾರದೆ ಮತ್ತೆ ಅಧಿಕಾರಕ್ಕೆ ಕೈಚಾಚಿದನು. ಬಿಟ್ಟವನು ಮರಳಿ ಬಂದರೆ ಅದು ಬಿಟ್ಟದ್ದೇ ಅಲ್ಲವೇ ಎಂಬ ಪ್ರಶ್ನೆಗೆ ಇದು ಹಳೆಯ ಉದಾಹರಣೆ.

ಇಂಗ್ಲೀಷಿಗೆ ಈ ಕ್ರಿಯಾಪದವು ೧೬ನೆಯ ಶತಮಾನದಲ್ಲಿ ಪಂಡಿತರ ಮೂಲಕ ಬಂದಿತು. ಅದಕ್ಕೆ ಮುಂಚೆ ಅರಸರು ಪಟ್ಟವನ್ನು ಬಿಟ್ಟಿರಲಿಲ್ಲವೆಂದಲ್ಲ. ಆಗ ಬೇರೆ ಮಾತುಗಳಿದ್ದುವು. ೧೩೯೯ರಲ್ಲಿ ಎರಡನೆಯ ರಿಚರ್ಡನು ಸೆರೆಯಲ್ಲಿದ್ದುಕೊಂಡೇ ಸೆಪ್ಟೆಂಬರ್ ೨೯ರಂದು ರಾಜೀನಾಮೆಯನ್ನು ಕೊಟ್ಟನು. ಮರುದಿನ ಸಭೆಯು ಅದನ್ನು ಸ್ವೀಕರಿಸಿದುದಲ್ಲದೆ, ಅವನ ಅಪರಾಧಗಳ ಪಟ್ಟಿಯನ್ನು ಓದಿ ಅವನನ್ನು ‘ಡಿಪೋಸ್’ ಮಾಡಿತು, ಎಂದರೆ ಪಟ್ಟದಿಂದ ಇಳಿಸಿತು. ಒಂದು ಬಾಗಿಲಿಗೆ ಎರಡು ಬೀಗ. ತಾನೇ ಬಿಟ್ಟನೆಂದು ಒಂದು, ಪ್ರಜೆಗಳು ಬಿಡಿಸಿದರೆಂದು ಮತ್ತೊಂದು. ಮುಂದೆ ಷೇಕ್ಸ್‌ಪಿಯರನ ‘ಎರಡನೆಯ ರಿಚರ್ಡ್’ ನಾಟಕವು ೧೫೯೭ರಲ್ಲಿ ಅಚ್ಚಾದಾಗ ಪಟ್ಟವನ್ನು ಬಿಡುವ ದೃಶ್ಯಭಾಗವು ಅದರಲ್ಲಿರಲಿಲ್ಲ. ಅದು ಮೊದಲು ಅಚ್ಚಾದುದು ಎಲಿಜಬೆತ್ ರಾಣಿಯು ತೀರಿಕೊಂಡಮೇಲೆ, ೧೬೦೮ರಲ್ಲಿ. ಅರಸನನ್ನು ಇಳಿಸುವ ಮಾತು ಅಷ್ಟು ಉರಿಯುವ ಮಾತಾಗಿದ್ದಿತೆಂದು ಇದರಿಂದ ಊಹಿಸಬಹುದು.

ಇನ್ನು ಮುಖ್ಯ ಪ್ರಕರಣಕ್ಕೆ ಬರಬಹುದು. ಎರಡನೆಯ ಜೇಮ್ಸನು ೧೬೮೫ರಲ್ಲಿ ಪಟ್ಟಕ್ಕೆ ಬಂದು, ಶಾಸನಗಳನ್ನು ತನ್ನ ಇಚ್ಛೆಯಂತೆ ತಡೆಹಿಡಿದು, ಮೂರೇ ವರ್ಷಗಳಲ್ಲಿ ಬಹುಮಂದಿಯ ವಿರೋಧವನ್ನು ಕಟ್ಟಿಕೊಂಡನು. ೧೬೮೮ನೆಯ ನವೆಂಬರ್ ೫ರಂದು ಅವನ ಅಳಿಯನಾದ ಆರೆಂಜಿನ ವಿಲಿಯಮನು ಸೈನ್ಯದೊಡನೆ ಟಾರ್‌ಬೇ ಎಂಬಲ್ಲಿ ಬಂದಿಳಿದನು. ಡಿಸೆಂಬರ್ ೧೧ರಂದು ಜೇಮ್ಸನು ರಾಜಮುದ್ರೆಯನ್ನು ಥೇಮ್ಸ್ ನದಿಯಲ್ಲಿ ಎಸೆದು ಓಡಿದನು. ಬೆಸ್ತರ ಕೈಗೆ ಸಿಕ್ಕಿಬಿದ್ದು ಹಿಂದಿರುಗಿ ಬಂದನು. ಡಿಸೆಂಬರ್ ೨೩ರಂದು ಮತ್ತೆ ಹೊರಟು ಫ್ರಾನ್ಸನ್ನು ಸೇರಿದನು. ಹೋಗುವ ಮುನ್ನ ರಾಚೆಸ್ಟರಿನಲ್ಲಿ ಬರೆದಿಟ್ಟ ಪತ್ರದಲ್ಲಿ ತಾನು ಹೋಗುವುದಕ್ಕೆ ಕಾರಣಗಳನ್ನು ತಿಳಿಸಿ, ಜನರ ಕಣ್ಣು ತೆರೆದಾಗ ತಾನು ಬರಲು ಸಿದ್ಧನೆಂಬ ಅಭಿಪ್ರಾಯವನ್ನೂ ಸೂಚಿಸಿದ್ದನು. ಪಟ್ಟವನ್ನು ಬಿಟ್ಟೆನೆಂದು ಅವನು ಎಲ್ಲಿಯೂ ಹೇಳಲಿಲ್ಲ.

೧೬೮೯ನೆಯ ಜನವರಿ ೨೨ರಂದು ಕನ್ವೆನ್ಷನ್ ಎಂಬ ಸಭೆಯು ಸೇರಿತು. (ಅಂದಿನ ಇಂಗ್ಲಿಷ್ ಪಂಚಾಂಗದಲ್ಲಿ ವರ್ಷವು ಮಾರ್ಚ್ ೨೫ರಂದು ಮೊದಲಾಗುತ್ತಿದ್ದುದರಿಂದ ಹಳೆಯ ಪತ್ರಗಳಲ್ಲಿ ಇದು ೧೬೮೮ ಎಂದೇ ಕಾಣುವುದು, ಓದುವವರು ಭ್ರಮಿಸಬಾರದು.) ಕಾಮನ್ಸ್ ಸಭೆಯು ಜನವರಿ ೨೮ರಂದು ಒಂದು ನಿರ್ಣಯವನ್ನು ಅಂಗೀಕರಿಸಿತು. ಜೇಮ್ಸನು ಅರಸನಿಗೂ ಪ್ರಜೆಗಳಿಗೂ ಇರುವ ಮೂಲ ಒಪ್ಪಂದವನ್ನು ಮುರಿದು ರಾಜ್ಯಪದ್ಧತಿಯನ್ನು ಕೆಡಿಸಲು ಯತ್ನಿಸಿ, ಮೂಲಶಾಸನಗಳನ್ನು ಉಲ್ಲಂಘಿಸಿ, ದೇಶವನ್ನು ಬಿಟ್ಟುಹೋದುದರಿಂದ, ಅವನು ಆಳ್ವಿಕೆಯನ್ನು ‘ಆಬ್ಡಿಕೇಟ್’ ಮಾಡಿದ್ದಾನೆ, ಆದಕಾರಣ ಸಿಂಹಾಸನವು ಬರಿದಾಗಿದೆ ಎಂಬುದು ಅದರ ತಾತ್ಪರ್ಯ. ಲಾರ್ಡ್ಸ್ ಸಭೆಯವರು ‘ಆಬ್ಡಿಕೇಟ್’ ಎಂಬುದನ್ನು ತೆಗೆದು ‘ಡೆಸರ್ಟ್’ ಎಂದು ತಿದ್ದಿದರು. ಸಿಂಹಾಸನ ಬರಿದಾಗಿದೆ ಎಂಬ ಮಾತನ್ನೂ ಒಪ್ಪಲಿಲ್ಲ.

ಇಲ್ಲಿ ಕನ್ನಡಿಗನಿಗೆ ಒಂದು ತೊಡಕುಂಟು. ‘ಆಬ್ಡಿಕೇಟ್’ ಎಂದರೂ ‘ತೊರೆದನು’, ‘ಡೆಸರ್ಟ್’ ಎಂದರೂ ‘ತೊರೆದನು’. ಹಾಗೆ ಭಾಷಾಂತರಿಸಿದರೆ ಎರಡು ಸಭೆಗಳೂ ಒಂದೇ ಮಾತಿಗಾಗಿ ಕಾದಾಡಿದಂತಾಗಿ ವಾದವೇ ನಗೆಗೀಡಾಗುವುದು. ಆದರೆ ಕನ್ನಡದಲ್ಲಿ ಈ ಭೇದವನ್ನು ತೋರಿಸುವ ಉಪಾಯವಿಲ್ಲದಿಲ್ಲ. ಅದು ಕೋಶದಲ್ಲಿಲ್ಲ, ವ್ಯಾಕರಣದಲ್ಲಿದೆ. ‘ಬಿಡು’ ಎಂಬ ಧಾತುವಿಗೆ ‘ಹೋಗು’ ಸೇರಿದರೆ ‘ಬಿಟ್ಟುಹೋದನು’, ‘ಕೊಡು’ ಸೇರಿದರೆ ‘ಬಿಟ್ಟುಕೊಟ್ಟನು’. ಮನೆಯನ್ನು ಬಿಟ್ಟುಹೋದವನಿಗೆ ಮನೆಯ ಹಕ್ಕು ಹೋಗುವುದಿಲ್ಲ. ನಾಳೆ ಬಂದು ಬಾಗಿಲು ತೆರೆಯಬಹುದು. ಬಿಟ್ಟುಕೊಟ್ಟವನಿಗೆ ಆ ಬಾಗಿಲು ಪರರದು. ಲಾರ್ಡ್ಸರು ಜೇಮ್ಸನು ಬಿಟ್ಟುಹೋದನೆಂದರು, ಕಾಮನ್ಸರು ಬಿಟ್ಟುಕೊಟ್ಟನೆಂದರು. ಬಿಟ್ಟುಹೋಗಿದ್ದರೆ ಅರಸನು ಅವನೇ, ಆಳುವುದಕ್ಕೆ ಒಬ್ಬ ಪ್ರತಿನಿಧಿ ಸಾಕು. ಬಿಟ್ಟುಕೊಟ್ಟಿದ್ದರೆ ಸಿಂಹಾಸನದಲ್ಲಿ ಬೇರೊಬ್ಬರನ್ನು ಕೂರಿಸಬಹುದು. ವಿಲಿಯಮನ ಪಟ್ಟವು ‘ಹೋಗು’ ‘ಕೊಡು’ಗಳ ನಡುವೆ ತೂಗಾಡುತ್ತಿದ್ದಿತು.

ಫೆಬ್ರವರಿ ೬ರಂದು ವೆಸ್ಟ್‌ಮಿನ್‌ಸ್ಟರಿನ ಚಿತ್ರಶಾಲೆಯೆಂಬ ಮಂಟಪದಲ್ಲಿ ಎರಡು ಸಭೆಗಳ ಪ್ರತಿನಿಧಿಗಳೂ ಮುಖಾಮುಖಿಯಾಗಿ ವಾದಿಸಿದರು. ಈ ವಾದವು ೧೬೯೫ರಲ್ಲಿ ಅಚ್ಚಾಗಿರುವುದರಿಂದ ಅದರ ಗತಿಯು ಚೆನ್ನಾಗಿ ತಿಳಿಯಬರುತ್ತದೆ. ಲಾರ್ಡ್ಸರ ಪೂರ್ವಪಕ್ಷವು ಎರಡು ಅಂಶಗಳದು. ‘ಆಬ್ಡಿಕೇಟ್’ ಎಂಬುದು ಇಂಗ್ಲೆಂಡಿನ ದೇಶಾಚಾರಧರ್ಮಕ್ಕೆ ಅಪರಿಚಿತವಾದ ಶಬ್ದವೆಂಬುದು ಮೊದಲನೆಯದು. ರೋಮನ್ ಧರ್ಮಶಾಸ್ತ್ರದಲ್ಲಿ ಅದಕ್ಕೆ ಸ್ವಇಚ್ಛೆಯಿಂದ ಸ್ಪಷ್ಟವಾಗಿ ಬಿಟ್ಟುಬಿಡುವುದೆಂದೇ ಅರ್ಥವಾಗಿದ್ದು, ಜೇಮ್ಸನು ಅಂಥದೇನನ್ನೂ ಮಾಡಿಲ್ಲವೆಂಬುದು ಎರಡನೆಯದು. ಈ ಪಕ್ಷವನ್ನು ನಾಟಿಂಗ್‌ಹ್ಯಾಮ್ ಪ್ರಭುವೂ, ಜೇಮ್ಸನ ಮೊದಲ ಹೆಂಡತಿಯ ಸೋದರರಾದ ಕ್ಲಾರೆಂಡನ್, ರಾಚೆಸ್ಟರ್ ಪ್ರಭುಗಳೂ ಹಿಡಿದರು. ವಿಲಿಯಮನ ಪತ್ನಿ ಮೇರಿಯು ಈ ಇಬ್ಬರ ಅಕ್ಕನ ಮಗಳು. ಸೋದರಸೊಸೆಗೆ ಬರುವ ಪಟ್ಟಕ್ಕೆ ಸೋದರಮಾವಂದಿರೇ ಅಡ್ಡಬಂದರೆಂಬುದರಿಂದ ಈ ಶಬ್ದವಾದವು ಬರಿಯ ಸ್ವಾರ್ಥದ್ದಲ್ಲವೆಂದು ಹೇಳಬಹುದು. ಅರಸನಿಗೆ ಮಾಡಿದ ಪ್ರಮಾಣವು ಅವರನ್ನು ಕಾಡುತ್ತಿದ್ದಿತು.

ಕಾಮನ್ಸರ ಪರವಾಗಿ ಉತ್ತರಪಕ್ಷವನ್ನು ಹೇಳಿದವರಲ್ಲಿ ಜಾನ್ ಸಾಮರ್ಸ್ ಎಂಬ ೩೭ ವರ್ಷದ ವಕೀಲನು ಮುಖ್ಯನು. ದೇಶಾಚಾರಧರ್ಮಕ್ಕೆ ‘ಡೆಸರ್ಟ್’ ಶಬ್ದವೂ ಅಷ್ಟೇ ಅಪರಿಚಿತ. ಆದ್ದರಿಂದ ಎರಡನ್ನೂ ಮೂಲಭಾಷೆಯ ಪ್ರಮಾಣಗಳಿಂದಲೇ ನಿರ್ಣಯಿಸಬೇಕೆಂದು ಹೇಳಿ, ಗ್ರೋಷಿಯಸನನ್ನೂ ಹಲವು ನ್ಯಾಯಕೋಶಕಾರರನ್ನೂ ಉದಾಹರಿಸಿದನು. ಒಬ್ಬನು ತನ್ನ ವಸ್ತುವನ್ನು ಮಾತಿನಿಂದ ಮಾತ್ರವೇ ಅಲ್ಲ, ಇಚ್ಛೆಯನ್ನು ಸೂಚಿಸುವ ಯಾವುದಾದರೂ ಕಾರ್ಯದಿಂದಲೂ ಬಿಡಬಹುದೆಂಬುದು ಅವನು ಗ್ರೋಷಿಯಸನಿಂದ ಎತ್ತಿಕೊಂಡ ತತ್ತ್ವ. ಜಾನ್ ಹೋಲ್ಟನು ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಆಳ್ವಿಕೆಯೆಂಬುದು ನಂಬಿ ಒಪ್ಪಿಸಿದ ಒಡವೆ. ಆ ನಂಬಿಕೆಗೆ ವಿರುದ್ಧವಾಗಿ ನಡೆಯುವುದೇ ಅದನ್ನು ಬಿಟ್ಟುಕೊಡುವುದು, ಬರೆದುಕೊಟ್ಟ ಪತ್ರವಿಲ್ಲದಿದ್ದರೂ ಸರಿಯೆ ಎಂದು ಅವನ ಅಭಿಪ್ರಾಯ.

ಶಾಸ್ತ್ರದೃಷ್ಟಿಯಿಂದ ನೋಡಿದರೆ ಇದು ಅಭಿಧೆಯನ್ನು ಬಿಟ್ಟು ಲಕ್ಷಣೆಯನ್ನು ಹಿಡಿದ ವಾದ. ‘ಸಾರು’ ಎಂಬುದು ಧಾತುವಿನಲ್ಲೇ ಇರುವಾಗ ಸಾರದವನನ್ನು ಸಾರಿದನೆನ್ನುವುದು ಹೇಗೆ? ಅವನ ನಡತೆಯೇ ಸಾರಿತು ಎಂದು ಕಾಮನ್ಸರ ಸಮಾಧಾನ. ಶಬ್ದಾರ್ಥಮಾತ್ರವನ್ನು ತೂಗಿದರೆ ಲಾರ್ಡ್ಸರ ತಟ್ಟೆಯೇ ಭಾರವೆಂದು ಒಪ್ಪಲೇಬೇಕು. ಲೆಂಟುಲಸನನ್ನು ಬಲಾತ್ಕರಿಸಿದ ರೋಮನರು ಕೂಡ ಅವನ ಬಾಯಿಂದ ಆ ಮಾತನ್ನು ಹೊರಡಿಸಿದ ಹೊರತು ಅವನು ಬಿಟ್ಟನೆನ್ನಲಿಲ್ಲ. ಆದರೆ ಕಾಮನ್ಸರಿಗೆ ಬೇರೆ ಮಾತುಗಳು ಎಟುಕುವಂತಿರಲಿಲ್ಲ. ‘ಡಿಪೋಸ್’ ಎಂದರೆ ಪ್ರಜೆಗಳು ಅರಸನನ್ನು ಇಳಿಸಬಹುದೆಂದಾಗುವುದು; ಅದನ್ನು ನುಂಗಲಾರದವರು ಕಾಮನ್ಸಿನಲ್ಲಿಯೂ ಬಹುಮಂದಿ ಇದ್ದರು. ‘ಡೆಸರ್ಟ್’ ಎಂದರೆ ಜೇಮ್ಸನು ನಾಳೆ ಹಿಂದಿರುಗಬಹುದು. ಅರಸನನ್ನು ತಾವು ಇಳಿಸಿದರೂ ಅವನೇ ಇಳಿದನೆಂದು ವಾಕ್ಯದ ಕರ್ತೃಸ್ಥಾನದಲ್ಲಿ ಅವನನ್ನೇ ನಿಲ್ಲಿಸುವ ಕ್ರಿಯಾಪದವು ಇದೊಂದೇ. ಅಪದೇಶವೆಂಬ ಮಾತು ಇಲ್ಲಿ ನೆನಪಾಗದೆ ಇರದು.

ಅಂದೇ ಲಾರ್ಡ್ಸರು ಮಣಿದರು. ಫೆಬ್ರವರಿ ೧೩ರಂದು ವಿಲಿಯಮ್ ಮೇರಿಯರಿಗೆ ಓದಿದ ಹಕ್ಕುಗಳ ಘೋಷಣೆಯಲ್ಲಿಯೂ, ಅದೇ ವರ್ಷದ ಡಿಸೆಂಬರಿನಲ್ಲಿ ಶಾಸನವಾದ ಹಕ್ಕುಗಳ ಮಸೂದೆಯಲ್ಲಿಯೂ ‘ಆಬ್ಡಿಕೇಟ್’ ಎಂಬುದೇ ನಿಂತಿತು. ಅಲ್ಲಿ ಅದಕ್ಕೆ ಕರ್ಮಪದವು ‘ಆಳ್ವಿಕೆ’ಯೇ ಹೊರತು ‘ಕಿರೀಟ’ವಲ್ಲವೆಂಬುದನ್ನು ಸೂಕ್ಷ್ಮಜ್ಞರು ಗಮನಿಸತಕ್ಕುದು. ಹೀಗೆ ‘ಬಿಟ್ಟುಕೊಟ್ಟ’ ಅರಸನು ಮಾರ್ಚಿ ತಿಂಗಳಲ್ಲಿ ಐರ್ಲೆಂಡಿನಲ್ಲಿ ಇಳಿದು, ಮೇ ತಿಂಗಳಲ್ಲಿ ಡಬ್ಲಿನಿನಲ್ಲಿ ಪಾರ್ಲಿಮೆಂಟನ್ನು ಕೂಡಿಸಿದನು! ೧೬೯೦ನೆಯ ಜುಲೈ ಒಂದರಂದು ಬಾಯ್ನ್ ನದಿಯ ಕಾಳಗದಲ್ಲಿ ಸೋತಮೇಲೆಯೇ ಈ ಶಬ್ದಾರ್ಥವು ನೆಲದಮೇಲೆ ಸ್ಥಿರವಾದುದು. ಸ್ಕಾಟ್ಲೆಂಡಿನವರು ಇಂಥ ಉಪಚಾರಗಳನ್ನು ಬಯಸಲಿಲ್ಲ. ಜೇಮ್ಸನು ಅವರ ದೇಶದಿಂದ ಓಡಿದವನೂ ಅಲ್ಲ. ೧೬೮೯ನೆಯ ಏಪ್ರಿಲಿನಲ್ಲಿ ಅವರು ಅವನು ತನ್ನ ಅಪರಾಧಗಳಿಂದ ಕಿರೀಟದ ಹಕ್ಕನ್ನು ‘ಫೋರ್ಫಾಲ್ಟ್’ ಮಾಡಿಕೊಂಡನೆಂದು, ಎಂದರೆ ಕಳೆದುಕೊಂಡನೆಂದು, ನೇರವಾಗಿ ಹೇಳಿದರು. ಒಬ್ಬನೇ ಅರಸನ ಒಂದೇ ಪತನಕ್ಕೆ ಎರಡು ರಾಜ್ಯಗಳಲ್ಲಿ ಎರಡು ಕ್ರಿಯಾಪದಗಳು. ೧೭೬೫ರಲ್ಲಿ ಬ್ಲ್ಯಾಕ್‌ಸ್ಟನ್ ಪಂಡಿತನು ತನ್ನ ಧರ್ಮಶಾಸ್ತ್ರವ್ಯಾಖ್ಯಾನದಲ್ಲಿ, ರಾಜ್ಯಪದ್ಧತಿಯೇ ಅಳಿಯಿತೆನ್ನದೆ ಆಳ್ವಿಕೆಯನ್ನು ಬಿಟ್ಟನೆಂದಷ್ಟೇ ಹೇಳಿದುದನ್ನು ವಿವೇಕವೆಂದು ಹೊಗಳಿದ್ದಾನೆ.

೧೯೩೬ರಲ್ಲಿ ಈ ಶಬ್ದವು ಮತ್ತೆ ಬೆಳಕಿಗೆ ಬಂದಿತು. ಎಂಟನೆಯ ಎಡ್ವರ್ಡನು ಡಿಸೆಂಬರ್ ೧೦ರಂದು ಮೂವರು ತಮ್ಮಂದಿರ ಸಾಕ್ಷಿಯಲ್ಲಿ ಸಹಿಮಾಡಿದ ಪತ್ರಕ್ಕೆ ‘ಆಬ್ಡಿಕೇಷನ್’ ಎಂಬ ನಾಮಪದವಿದ್ದರೂ, ತಾನು ಮಾಡುವ ಕಾರ್ಯಕ್ಕೆ ಅವನು ಅಲ್ಲಿ ಬಳಸಿದ ಕ್ರಿಯಾಪದವು ‘ರಿನೌನ್ಸ್’ ಎಂಬುದು. ಅವನ ಸಹಿಯಿಂದಲೇ ಕಾರ್ಯವು ಮುಗಿಯಲಿಲ್ಲ. ಪಟ್ಟದ ಅನುಕ್ರಮವು ಪಾರ್ಲಿಮೆಂಟಿನ ಶಾಸನಕ್ಕೆ ಒಳಪಟ್ಟುದಾದುದರಿಂದ ಮರುದಿನ ಒಂದು ಶಾಸನವಾಗಬೇಕಾಯಿತು. ೧೬೮೯ರಲ್ಲಿ ಅರಸನು ಹೇಳದಿದ್ದರೂ ಹೇಳಿದನೆಂದರು. ೧೯೩೬ರಲ್ಲಿ ಅರಸನು ಹೇಳಿದರೂ ಸಾಲದೆಂದರು. ಜಪಾನಿನಲ್ಲಿ ಅಕಿಹಿಟೊ ಚಕ್ರವರ್ತಿಯು ೨೦೧೯ನೆಯ ಏಪ್ರಿಲ್ ೩೦ರಂದು ಪಟ್ಟವನ್ನು ಬಿಡುವುದಕ್ಕೂ ೨೦೧೭ರಲ್ಲಿ ವಿಶೇಷ ಶಾಸನವೊಂದು ಬೇಕಾಯಿತು. ೨೦೧೩ರಲ್ಲಿ ಹದಿನಾರನೆಯ ಬೆನೆಡಿಕ್ಟ್ ಪೋಪನು ಪೀಠವನ್ನು ಬಿಟ್ಟಾಗ ಪತ್ರಿಕೆಗಳು ‘ಆಬ್ಡಿಕೇಟ್’ ಎಂದು ಬರೆದುದುಂಟು. ಆದರೆ ಅವರ ಲ್ಯಾಟಿನ್ ಘೋಷಣೆಯಲ್ಲಿದ್ದುದು, ಚರ್ಚಿನ ಶಾಸನಕ್ಕೆ ಅನುಗುಣವಾದ ‘ರೆನುಂಟಿಯಾರೆ’ ಎಂಬ ಮಾತು.

ಭರತಖಂಡದಲ್ಲಿ ಈ ಶಬ್ದವು ದೇಶೀಯ ಸಂಸ್ಥಾನಗಳ ಚರಿತ್ರೆಯಲ್ಲಿ ಹಳೆಯ ಕಲಹವನ್ನೇ ಮತ್ತೆ ಎಬ್ಬಿಸಿತು. ೧೯೨೩ನೆಯ ಜುಲೈಯಲ್ಲಿ ನಾಭಾ ಸಂಸ್ಥಾನದ ಮಹಾರಾಜ ರಿಪುದಮನ ಸಿಂಹನು ಆಳ್ವಿಕೆಯನ್ನು ಬಿಟ್ಟನು. ಸ್ವಇಚ್ಛೆಯೆಂದು ಸರ್ಕಾರವು ಹೇಳಿತು. ಬಲಾತ್ಕಾರವೆಂದು ಅಕಾಲಿಗಳು ಹೇಳಿ ಜೈತೊ ಎಂಬಲ್ಲಿ ಚಳವಳಿಯನ್ನು ಹೂಡಿದರು. ಅದನ್ನು ನೋಡಲು ಹೋದ ಜವಾಹರಲಾಲ್ ನೆಹರೂರವರು ಆ ಸೆಪ್ಟೆಂಬರಿನಲ್ಲಿ ಅಲ್ಲಿ ಬಂಧಿತರಾದರು. ೧೯೨೬ರಲ್ಲಿ ಇಂದೂರಿನ ಮೂರನೆಯ ತುಕೋಜಿರಾವ್ ಹೋಳ್ಕರನ ಮುಂದೆ ಇದ್ದುವು ಎರಡೇ ದಾರಿಗಳು: ವಿಚಾರಣಾಮಂಡಲಿಯನ್ನು ಎದುರಿಸುವುದು, ಇಲ್ಲವೇ ಗಾದಿಯನ್ನು ಬಿಡುವುದು. ಅವನು ಎರಡನೆಯದನ್ನು ಹಿಡಿದನು. ಇವೆರಡೂ ಲೆಂಟುಲಸನ ಜಾತಿಯ ಪ್ರಯೋಗಗಳು. ಬಾಯಿ ಅವರದು, ಮಾತು ಯಾರದೆಂಬುದೇ ಪ್ರಶ್ನೆ.

ಈಗಿನ ಇಂಗ್ಲೀಷಿನಲ್ಲಿ ಈ ಕ್ರಿಯಾಪದವು ಅರಸರನ್ನು ಬಿಟ್ಟು ಸಾಮಾನ್ಯರಿಗೂ ಬಂದಿದೆ. ತಂದೆಯಾಗಲಿ ಮಂತ್ರಿಯಾಗಲಿ ತನ್ನ ಹೊಣೆಯನ್ನು ‘ಆಬ್ಡಿಕೇಟ್’ ಮಾಡಿದನೆಂದರೆ ಅದು ನಿಂದೆ. ಅವನು ಹಾಗೆಂದು ಯಾರೆದುರಿಗೂ ಸಾರುವುದಿಲ್ಲ. ಮಾಡಬೇಕಾದುದನ್ನು ಮಾಡದೆ ಇರುತ್ತಾನೆ, ಅಷ್ಟೆ. ಹೋಲ್ಟನು ಅರಸನ ವಿಷಯದಲ್ಲಿ ಹೇಳಿದ ಅರ್ಥವೇ ಇಂದು ಬೀದಿಯ ಅರ್ಥವಾಗಿದೆ.

ಕನ್ನಡದ ‘ತ್ಯಾಗ’ವಾದರೋ ಬೇರೆಯೇ ಲೋಕದ್ದು. ಅದರ ತದ್ಭವವಾದ ‘ಚಾಗ’ಕ್ಕೆ ದಾನವೆಂದರ್ಥ, ಶ್ರವಣಬೆಳಗೊಳದ ದೊಡ್ಡಬೆಟ್ಟದಲ್ಲಿ ಚಾವುಂಡರಾಯನ ಚಾಗದ ಕಂಬವು ಇಂದಿಗೂ ನಿಂತಿದೆ. ಅವನ ಒಡೆಯನಾದ ಗಂಗ ಮಾರಸಿಂಹನು ರಾಜ್ಯವನ್ನು ಬಿಟ್ಟು, ೧೦ನೆಯ ಶತಮಾನದ ಉತ್ತರಾರ್ಧದಲ್ಲಿ ಬಂಕಾಪುರದಲ್ಲಿ ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನವ್ರತದಿಂದ ದೇಹವನ್ನು ಬಿಟ್ಟುದನ್ನು ಎದುರಿನ ಚಿಕ್ಕಬೆಟ್ಟದ ಕಂಬದ ಶಾಸನವು ಹೇಳುವುದು. ಪ್ರಶ್ನೋತ್ತರರತ್ನಮಾಲಿಕೆಯ ಕೊನೆಯ ಶ್ಲೋಕದಂತೆ ರಾಷ್ಟ್ರಕೂಟ ಅಮೋಘವರ್ಷನು ವಿವೇಕದಿಂದ ರಾಜ್ಯವನ್ನು ತ್ಯಜಿಸಿದವನು. ಇವರಿಗೆ ಸಲ್ಲುವ ಮಾತನ್ನು ರಾಜಮುದ್ರೆಯನ್ನು ನದಿಗೆಸೆದು ಓಡಿದ ಜೇಮ್ಸನಿಗೆ ಸಲ್ಲಿಸಿದರೆ, ಓದುವ ವಿದ್ಯಾರ್ಥಿಗೆ ಅವನೊಬ್ಬ ವಿರಕ್ತನೆಂಬ ಭ್ರಾಂತಿಯುಂಟಾಗುವುದು. ‘ಜವಾಬ್ದಾರಿಯನ್ನು ತ್ಯಾಗಮಾಡಿದನು’ ಎಂಬ ಮಾತಂತೂ ಕನ್ನಡವೇ ಅಲ್ಲ. ಹೊಣೆಯಿಂದ ನುಣುಚಿಕೊಂಡನು, ಹೊಣೆಯನ್ನು ಕೈಬಿಟ್ಟನು ಎನ್ನುವುದು ರೂಢಿ.

ಆದ್ದರಿಂದ ಎಡ್ವರ್ಡ್, ಅಕಿಹಿಟೊ ಮೊದಲಾದವರ ವಿಷಯದಲ್ಲಿ ‘ಪಟ್ಟವನ್ನು ಬಿಟ್ಟುಕೊಟ್ಟರು’ ಎಂಬುದೇ ಸಾಕು, ಪದತ್ಯಾಗವೆಂದರೂ ಬಾಧಕವಿಲ್ಲ. ಜೇಮ್ಸನ ವಿಷಯದಲ್ಲಿ ‘ಬಿಟ್ಟುಕೊಟ್ಟನೆಂದು ಸಭೆಯು ನಿರ್ಣಯಿಸಿತು’ ಎಂದು ನಿರ್ಣಯಿಸಿದವರನ್ನೂ ವಾಕ್ಯದೊಳಕ್ಕೆ ತರಬೇಕು. ಲಾರ್ಡ್ಸರ ತಿದ್ದುಪಡಿಗೆ ‘ಬಿಟ್ಟುಹೋದನು’. ಸ್ಕಾಟರ ಮಾತಿಗೆ ‘ಹಕ್ಕನ್ನು ಕಳೆದುಕೊಂಡನು’. ನಾಭಾ, ಇಂದೂರುಗಳಿಗೆ ‘ಬಿಟ್ಟುಕೊಡಬೇಕಾಯಿತು’ ಎಂಬ ರೂಪವು ಕನ್ನಡದಲ್ಲಿ ಸಿದ್ಧವಾಗಿಯೇ ಇದೆ. ಇಂಗ್ಲೀಷಿನ ಒಂದೇ ಶಬ್ದವು ಮುಚ್ಚಿಡುವ ಬಲಾತ್ಕಾರವನ್ನು ಆ ‘ಬೇಕಾಯಿತು’ ಎಂಬುದು ಹೊರಗಿಡುತ್ತದೆ.